ಕೆಂಪು ಆಕಾಶದ ಊರಲ್ಲಿ ಹಾಲುಕ್ಕಿದ್ದು

ಎಂಬತ್ತರ ದಶಕದ ಶುರುವಿನಲ್ಲಿ ನಾನು ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಮನೆ ಸೋಸಲೆಯಲ್ಲಿ. ಓದಿದ್ದು ತಲೆಗೇರಿ ಮೈಸೂರಿನ ರೇಡಿಯೋಗೆ ಒಂದು ನಾಟಕ ಬರೆದೆ. ಭೂಮಿ ಬಿಟ್ಟು ಹೋದ ನಲವತ್ತು ಜನ ಕೆಂಪು ಆಕಾಶದ ಇನ್ನೊಂದು ಲೋಕದಲ್ಲಿ ಊರು ಕಟ್ಟುವ ಕಥೆ. ರಾಕೆಟ್ಟು, ಧೂಳಿನ ಬಿರುಗಾಳಿ, ಎರಡೆರಡು ಚಂದ್ರ, ಏನುಂಟು ಏನಿಲ್ಲ!

ಹದಿನೈದು ದಿನಕ್ಕೆ ವಾಪಸ್ ಬಂತು. "ಕೊನೆ ಸಪ್ಪೆ. ಇವರು ಅಲ್ಲಿ ನೆಲೆಸಿದರು ಅಂತ ಕೇಳುವವರಿಗೆ ಅನ್ನಿಸುವುದಿಲ್ಲ. ವಾರದೊಳಗೆ ತಿದ್ದಿ ಕೊಟ್ಟರೆ ನೋಡೋಣ" ಎಂದು ಅಂಚಿನಲ್ಲಿ ಗೀಚಿದ್ದರು. ಮೈಯೆಲ್ಲ ಉರಿದುಹೋಯಿತು. ನನ್ನ ನಾಟಕ ಸಪ್ಪೆಯಂತೆ! ಆದರೂ ಅದು ರೇಡಿಯೋದಲ್ಲಿ ಬರಲೇಬೇಕೆಂಬ ಆಸೆ ಬಿಡಬೇಕಲ್ಲ. ಐದು ದಿನ ಕೂತು ಐದು ಕೊನೆ ಬರೆದು ಹರಿದೆ.

ಆರನೆಯ ದಿನ, ಹೂಬತ್ತಿ ಹೊಸೆಯುತ್ತಿದ್ದ ಅತ್ತೆಗೆ ಪೂರ್ತಿ ಓದಿ ಹೇಳಿದೆ.

"ಎಲ್ಲಾ ಸರಿ ಕಣೇ, ನಿನ್ನ ಜನ ಹಾಲೇ ಉಕ್ಕಿಸಲಿಲ್ವಲ್ಲ?" ಎಂದರು.

"ಅಲ್ಲಿಗೆ ಹಸು ಎಲ್ಲಿಂದ ಬರಬೇಕು ಅತ್ತೆ?"

"ನಲವತ್ತು ಜನ ಹತ್ತಿದ ರಾಕೆಟ್ಟಿಗೆ ಒಂದು ಹಸು ಭಾರವಾಯ್ತೇ? ಬಾಡಿಗೆ ಮನೆಗೆ ಹೋಗೋರೂ ಮೊದಲು ಹಾಲುಕ್ಕಿಸ್ತಾರೆ. ಇವರು ಹೊಸ ಲೋಕಕ್ಕೇ ಹಾಗೇ ನುಗ್ಗಿಬಿಟ್ರಲ್ಲ, ಚೆನ್ನಾಗಿದೆ!"

ನಗು ತಡೆಯಲಾಗಲಿಲ್ಲ. ಆದರೆ ನಕ್ಕು ಮುಗಿಸಿದಾಗ ಕೊನೆ ಸಿಕ್ಕಿತ್ತು. ನನ್ನ ವಿಜ್ಞಾನವನ್ನು ಪಕ್ಕಕ್ಕಿಟ್ಟು ರಾಕೆಟ್ಟಿಗೆ ಹಸು ಹತ್ತಿಸಿದೆ. ಕೊನೆಯ ದೃಶ್ಯದಲ್ಲಿ ಮಾತಿಲ್ಲ, ಒಲೆಯ ಮೇಲೆ ಹಾಲುಕ್ಕುವ ಸದ್ದು ಮಾತ್ರ. ಮಾರನೆಯ ದಿನವೇ ಬಸ್ಸು ಹತ್ತಿ ಕೊಟ್ಟುಬಂದೆ. ಒಪ್ಪಿಗೆಯಾಯಿತು!

ಆ ಸದ್ದಿಗೆಂದು ಶಾಲೆಯ ಟೇಪ್ ರೆಕಾರ್ಡರ್ ಮನೆಗೆ ತಂದೆ. ಒಂದು ತೊಟ್ಟು ಹಾಲು ಚೆಲ್ಲಿದರೂ ರಂಪ ಮಾಡುವ ಅತ್ತೆ ಅವತ್ತು ಪೂರ್ವಕ್ಕೆ ಮುಖ ಮಾಡಿ ಕೂತು, ಸೌದೆ ಒಲೆಯ ಮೇಲೆ ಧಾರಾಳವಾಗಿ ಉಕ್ಕಿಸಿದರು. ಕ್ಯಾಸೆಟ್ಟನ್ನು ಮೈಸೂರಿಗೆ ತಲುಪಿಸಿದೆ.

ಪ್ರಸಾರವಾದ ಸಂಜೆ ಮನೆಮಂದಿಯೆಲ್ಲ ರೇಡಿಯೋ ಮುಂದೆ ಕೂತಿದ್ದೆವು. ಬಿರುಗಾಳಿ ಅಡಗಿತು. ದೂರದಲ್ಲಿ ಹಸು ಅಂಬಾ ಎಂದಿತು. ಆಮೇಲೆ ಚುಂಯ್ ಎಂದು ಹಾಲುಕ್ಕಿತು.

"ಅಯ್ಯೋ, ಹಾಲು!" ಎಂದು ಅತ್ತೆ ದಡಕ್ಕನೆ ಎದ್ದು ಅಡುಗೆಮನೆಗೆ ಓಡಿದರು. ನನಗೆ ಆ ಗಳಿಗೆಯಲ್ಲಿ ಆದ ಸಂತೋಷ ಅಷ್ಟಿಷ್ಟಲ್ಲ.

ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ವಾಪಸ್ ಬಂದರು. "ನಮ್ಮನೇದಲ್ಲ ಕಣೇ, ಅವರ ಮನೇದು" ಎಂದು ನಗುತ್ತಾ ಕೂತರು. "ಇನ್ನು ಯೋಚನೆಯಿಲ್ಲ ಬಿಡು, ಬಾಳ್ತಾರೆ."