ಡೇರಿಯಸ್ ದೊರೆಗೆ ನಾನು ಸೇರಿಸಿದ ಮೂರು ಪದ

ಫುಟ್‌ಬಾಲ್ ವರ್ಲ್ಡ್ ಕಪ್ ಮುಗಿದ ಮರುವರ್ಷ ನಾನು ಕತಾರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಪ್ರದರ್ಶನಗಳಿಗೆ ವಿವರಣೆಯ ಫಲಕ ತಯಾರಿಸುವ ಒಂದು ವರ್ಕ್‌ಶಾಪಿನಲ್ಲಿ ಕಂಟೆಂಟ್ ಚೆಕರ್ ಆಗಿದ್ದೆ. ಮೈಸೂರಿನಲ್ಲಿ ಇತಿಹಾಸ ಪಾಠ ಹೇಳಿ ಹೋದವನಾದ್ದರಿಂದ ಎಲ್ಲರಿಗೂ ‘ಮಾಸ್ಟ್ರು’. ಫಲಕದ ಪ್ರತಿ ವಾಕ್ಯಕ್ಕೂ ಆಧಾರ ಹುಡುಕಿ, ಅಪ್ರೂವಲ್ ಶೀಟಿನಲ್ಲಿ ನೀಲಿ ಶಾಯಿಯಲ್ಲಿ ಪೂರ್ತಿ ಹೆಸರಿನ ಸಹಿ ಹಾಕುವುದು ನನ್ನ ಕೆಲಸ. ಆ ಸಹಿ ಬೀಳದೆ ಪ್ರಿಂಟಿಂಗ್ ಮಷೀನು ಓಡುವಂತಿರಲಿಲ್ಲ. ನನಗಿದ್ದ ಅಧಿಕಾರ ಅಷ್ಟೇ. ಆ ಪೆನ್ನನ್ನು ರಾಜದಂಡದಂತೆ ಹಿಡಿದಿದ್ದೆ.

ಆಗ ಪ್ರಾಚೀನ ಪರ್ಷಿಯದ ಬಗ್ಗೆ ಒಂದು ಖಾಸಗಿ ಪ್ರದರ್ಶನದ ಕೆಲಸ ಬಂತು. ಏಳನೇ ಫಲಕ, ಡೇರಿಯಸ್ ಪಟ್ಟಕ್ಕೇರಿದ ಬಗೆ. ಕ್ರಿ.ಪೂ. 522ರಲ್ಲಿ ಸಾಮ್ರಾಟ ಕ್ಯಾಂಬೈಸಿಸ್ ಸಾಯುವ ಹೊತ್ತಿಗೆ ಅವನ ತಮ್ಮ ಬರ್ದಿಯಾ ಸಿಂಹಾಸನ ಹತ್ತಿದ್ದ. ಡೇರಿಯಸ್ ಆರು ಸಂಗಡಿಗರೊಂದಿಗೆ ನುಗ್ಗಿ ಅವನನ್ನು ಕೊಂದ. ಕೊಂದ ಮೇಲೆ, ‘ನಿಜವಾದ ತಮ್ಮ ಎಂದೋ ಸತ್ತಿದ್ದ, ಇವನು ತಮ್ಮನ ವೇಷ ಹಾಕಿದ ಗೌಮಾತನೆಂಬ ಪುರೋಹಿತ’ ಎಂದು ಬೆಹಿಸ್ತೂನ್ ಬೆಟ್ಟದ ಬಂಡೆಯಲ್ಲಿ ಮೂರು ಭಾಷೆಗಳಲ್ಲಿ ಕೊರೆಸಿದ. ದೇಶವೆಲ್ಲ ದಂಗೆ ಎದ್ದಿತು. ಹತ್ತೊಂಬತ್ತು ಕದನ ಗೆದ್ದೆನೆಂದೂ ಅದೇ ಬಂಡೆ ಸಾರುತ್ತದೆ.

‘ವಂಚಕನನ್ನು ಕೊಂದು ಡೇರಿಯಸ್ ಸಿಂಹಾಸನ ಉಳಿಸಿದ’ ಎಂದು ಕರಡಿನಲ್ಲಿತ್ತು. ನಾನು ಅದರ ಮುಂದೆ ‘ಡೇರಿಯಸ್ ಹೇಳುವ ಪ್ರಕಾರ’ ಎಂದು ಸೇರಿಸಿದೆ.

ಮ್ಯಾನೇಜರ್ ಹಮೀದ್ ಮಂಗಳೂರು ಕಡೆಯವರು. ಕ್ಯಾಬಿನ್ನಿಗೆ ಕರೆದರು. ಮೇಜಿನ ಮೇಲೆ ನನ್ನ ಕಾಂಟ್ರ್ಯಾಕ್ಟ್ ನವೀಕರಣದ ಪತ್ರವಿತ್ತು; ಎರಡು ವರ್ಷದ್ದು, ಅವರ ಸಹಿಯೊಂದೇ ಬಾಕಿ. ಮಗಳು ದೋಹಾದಲ್ಲಿ ಒಂಬತ್ತನೇ ಕ್ಲಾಸು. ನನ್ನ ವೀಸಾ ಹೋದರೆ ಅವಳದೂ ಹೋಯಿತು.

“ಎಂತ ಮಾಸ್ಟ್ರೇ ಇದು? ಕ್ಲೈಂಟಿಗೆ ಬೇಕಾದ್ದು ಹೀರೋ. ನೀವು ಕಟಕಟೆಯಲ್ಲಿ ನಿಲ್ಲಿಸಿದ್ದೀರಿ.”

“ಬೇರೇನು ಮಾಡಲಿ ಸಾರ್? ಕೊಂದವನೇ ಪೋಸ್ಟ್‌ಮಾರ್ಟಮ್ ರಿಪೋರ್ಟೂ ಬರೆದಿದ್ದಾನೆ.”

“ಎರಡೂವರೆ ಸಾವಿರ ವರ್ಷ ಆಯ್ತು ಮಾರಾಯ್ರೆ, ಇನ್ನು ಯಾರು ಕೇಸ್ ಹಾಕ್ತಾರೆ? ಮೂರು ಪದ ಹೊಡೆದುಹಾಕಿ ಸೈನ್ ಮಾಡಿ. ನಿಮ್ಮ ಪೇಪರಿಗೆ ನಾನೂ ಮಾಡ್ತೇನೆ. ಖಲಾಸ್.”

ಹಮೀದರ ಪಟ್ಟಾಭಿಷೇಕವಾಗಿ ಆಗ ನಾಲ್ಕೇ ತಿಂಗಳು. ಹಿಂದಿನ ಮ್ಯಾನೇಜರ್ ಥಾಮಸ್ ರಜೆಗೆಂದು ಊರಿಗೆ ಹೋಗಿದ್ದಾಗ ಕುರ್ಚಿ ಕೈಬದಲಾಗಿತ್ತು. ಥಾಮಸ್ ಕೆಲಸ ಕೆಡಿಸಿದ್ದರು, ತಾನು ಸರಿಪಡಿಸಿದೆ ಎಂದು ಹಮೀದ್ ಎಲ್ಲರಿಗೂ ಇಮೇಲ್ ಹಾಕಿದ್ದರು. ಕೊರೆಸಲು ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೆಟ್ಟ ಇಲ್ಲವಲ್ಲ.

“ಥಾಮಸ್ ವಿಷಯದಲ್ಲೂ ನಾವು ಓದಿದ್ದು ನಿಮ್ಮ ಇಮೇಲ್ ಒಂದನ್ನೇ, ಸಾರ್,” ಎಂದುಬಿಟ್ಟೆ.

ಹಮೀದ್ ಸುಲೈಮಾನಿ ಚಹಾದ ಲೋಟ ಕೆಳಗಿಟ್ಟರು. “ನಾಲಗೆ ಉದ್ದ ಆಯ್ತು ಮಾಸ್ಟ್ರೇ.”

ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟು ಹೊರಬಂದೆ.

ಎರಡು ದಿನ ಮಷೀನು ನಿಂತಿತು. ಉದ್ಘಾಟನೆ ಹತ್ತಿರ ಬಂತು. ಮೂರನೇ ದಿನ ಏಳನೇ ಫಲಕದ ಶೀಟು ಮೂರು ಪದಗಳ ಸಮೇತ ನನ್ನ ಮೇಜಿಗೆ ಬಂತು; ಸಹಿ ಹಾಕಿದೆ. ಜೊತೆಗೆ ನನ್ನ ಪತ್ರವೂ ಬಂತು. ಎರಡು ವರ್ಷವಿದ್ದಲ್ಲಿ ಆರು ತಿಂಗಳು. ಸಾಮ್ರಾಟರ ಕ್ಷಮಾದಾನ ಯಾವಾಗಲೂ ಕಂತಿನಲ್ಲೇ ಬರುತ್ತದೆ.

ಅದು ಮುಗಿದು ವೀಸಾ ಹೋಯಿತು; ಮಗಳು ಹತ್ತನೇ ಕ್ಲಾಸಿಗೆ ಮೈಸೂರಿಗೆ ಬರಬೇಕಾಯಿತು. “ಮೂರು ಪದಕ್ಕೆ ಹದಿನೆಂಟು ತಿಂಗಳಾ, ಅಪ್ಪಾ?” ಎಂದಳು. ಹೌದು. ಇವತ್ತು ಆ ಶೀಟು ಮುಂದಿಟ್ಟರೂ ಒಂದು ಪದ ಕಡಿಮೆ ಮಾಡುವುದಿಲ್ಲ.

ಗೆದ್ದವನ ಮಾತನ್ನು ಬರೆಯಬಾರದೆಂದಲ್ಲ, ಅದರ ಮುಂದೆ ಅವನ ಹೆಸರಿರಬೇಕು. ಆ ಕೆಲಸ ಕಲಿಸಿದ್ದು ಇಷ್ಟೇ. ಹಮೀದರ ಬಗ್ಗೆಯೂ ನೀವು ಓದಿದ್ದು ನನ್ನ ಬರಹ ಒಂದನ್ನೇ. ದಯವಿಟ್ಟು ಮೊದಲ ಸಾಲಿನ ಮುಂದೆ ಬರೆದುಕೊಳ್ಳಿ: ಮಾಸ್ಟ್ರು ಹೇಳುವ ಪ್ರಕಾರ.