ತೋಟದ ಕಡೆ ರೈಟರ್ ಅಂದರೆ

ಬಾಯಿಬಡುಕಿ ಅನ್ನುತ್ತಾರೆ ನನ್ನನ್ನು. ಅನ್ನಲಿ. ಆ ದಿನ ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅಮ್ಮತ್ತಿಯಿಂದ ಒಳಗೆ, ಕಾಫಿ ತೋಟಗಳ ನಡುವಿನ ಸರ್ಕಾರಿ ಶಾಲೆಯಲ್ಲಿ ನಾನು ಟೀಚರ್. ಏಳನೇ ತರಗತಿಗೆ ನಮ್ಮ ಶಾಲೆ ಮುಗಿಯುತ್ತದೆ, ಮುಂದಕ್ಕೆ ಬಸ್ಸು ಹತ್ತಿ ಹೈಸ್ಕೂಲಿಗೆ ಹೋಗಬೇಕು. ಲೈನಿನ ಮಕ್ಕಳು, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಿಂದ ಬರುವವರು, ಎಷ್ಟೋ ಜನ ಆ ಬಸ್ಸು ಹತ್ತುವುದೇ ಇಲ್ಲ. ಏಳನೆಯಲ್ಲಿದ್ದ ಒಬ್ಬ ಚುರುಕು ಹುಡುಗಿಯದೂ ಅದೇ ಕಥೆಯಾಗುವುದರಲ್ಲಿತ್ತು. ಅವಳ ಅಮ್ಮ ನನಗೆ ಹೇಳಿಯೇಬಿಟ್ಟಿದ್ದಳು: "ಸಾಕು ಟೀಚರ್. ಎಷ್ಟು ಓದಿದ್ರೂ ಕೊನೆಗೆ ಕಾಫಿ ಕುಯ್ಯೋದೇ ಅಲ್ವಾ? ಈಗಿಂದ್ಲೇ ಕುಯ್ಲಿ ಬಿಡಿ." ನಾನು ಬೈದೆ, ಬೇಡಿಕೊಂಡೆ. ಅವಳು ಜಗ್ಗಲಿಲ್ಲ.

ಹೀಗಿರುವಾಗ, ಪಿಕ್ಕಿಂಗ್, ಅಂದರೆ ಕಾಫಿ ಕುಯ್ಲು ನಡೆಯುತ್ತಿದ್ದ ದಿನಗಳಲ್ಲೇ, ಮಕ್ಕಳಿಗೆ ಉದ್ಯೋಗಗಳ ಪರಿಚಯ ಮಾಡಿಸುವ ಕಾರ್ಯಕ್ರಮ ಬಂತು. ಬೆಂಗಳೂರಿನಿಂದ ಒಬ್ಬ ಮೇಡಂ ಚಾರ್ಟುಗಳ ಸುರುಳಿ ಹಿಡಿದು ಬಂದರು. ಮುಖ್ಯ ಅತಿಥಿ ಪಕ್ಕದ ಎಸ್ಟೇಟಿನ ಸಾಹುಕಾರರು. ಆ ಹುಡುಗಿಯ ಅಮ್ಮನನ್ನು ನಾನೇ ಒತ್ತಾಯ ಮಾಡಿ ಕರೆಸಿದ್ದೆ. ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ತೋಟದಿಂದ ನೇರ ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು.

ಚಾರ್ಟುಗಳಲ್ಲಿ ಪೈಲಟ್ ಇದ್ದ, ವಿಜ್ಞಾನಿ ಇದ್ದ, ಬಾಹ್ಯಾಕಾಶಕ್ಕೆ ಹೋಗುವವನೂ ಇದ್ದ. ಒಂದು ಕಾಫಿ ಗಿಡ ಇರಲಿಲ್ಲ ಮಾರಾಯ್ರೆ! ದಿನಾ ಬೆಳಿಗ್ಗೆ ಕಾಫಿ ಹೀರುವ ಜನಕ್ಕೆ ಕಾಫಿ ಬೆಳೆಯುವ ಕಡೆಯೂ ಉದ್ಯೋಗ ಉಂಟು ಅಂತ ಹೊಳೆಯುವುದೇ ಇಲ್ಲವಾ?

"ನೀನೇನಾಗ್ತೀಯಾ ಪುಟ್ಟಾ?" ಎಂದು ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ಡಾಕ್ಟರ್, ಪೊಲೀಸ್, ಡಾಕ್ಟರ್. ನನ್ನ ಹುಡುಗಿ ಎದ್ದು ನಿಂತು, "ರೈಟರ್" ಅಂದಳು.

"ವಾವ್! ನಮ್ಮ ಕವಯಿತ್ರಿಗೆ ಎಲ್ಲರೂ ಚಪ್ಪಾಳೆ ತಟ್ಟಿ! ಎಲ್ಲಿ, ಪ್ರಕೃತಿ ಮೇಲೆ ಒಂದು ಕವನ ಹೇಳು ನೋಡೋಣ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಮಕ್ಕಳು ಕಿಸಕ್ಕನೆ ನಕ್ಕರು. ಹುಡುಗಿ ಕಣ್ಣು ಕಣ್ಣು ಬಿಟ್ಟಳು. ತೋಟದ ಕಡೆ ರೈಟರ್ ಅಂದರೆ ಕವಿಯಲ್ಲ. ಆಳುಗಳ ಹಾಜರಿ ಹಿಡಿದು, ಕೆಲಸ ತೋರಿಸಿ, ಕುಯ್ದ ಕಾಫಿ ಹಣ್ಣು ತೂಗಿಸಿಕೊಳ್ಳುವವನು. ನಾನು ಎದ್ದು ಅದನ್ನು ಬಿಡಿಸಿ ಹೇಳಿದೆ.

ಮೇಡಂ ಮುಖ ಸಣ್ಣದಾಯಿತು. "ಓ, ಸೂಪರ್‌ವೈಸರಾ? ಅಯ್ಯೋ, ಅಷ್ಟು ಚಿಕ್ಕ ಕನಸು ಬೇಡ ಪುಟ್ಟಾ."

ಅಷ್ಟರಲ್ಲಿ ಸಾಹುಕಾರರು ಹೊಟ್ಟೆ ಕುಲುಕಿಸಿ ನಕ್ಕರು. "ಹೆಣ್ಣು ರೈಟರಾ? ಒಳ್ಳೆ ತಮಾಷೆ! ಇವ್ಳ ಮಾತು ಯಾರ್ ಕೇಳ್ತಾರೆ ತೋಟದಲ್ಲಿ?"

ನೋಡಿ ಹೇಗಿದೆ! ಒಬ್ಬರಿಗೆ ಆ ಆಸೆ ತೀರ ಚಿಕ್ಕದು, ಇನ್ನೊಬ್ಬರಿಗೆ ತೀರ ದೊಡ್ಡದು. ಆ ಮಗುವಿಗೆ ಅದು ಸರಿಯಾದ ಅಳತೆಯದ್ದಾ ಅಂತ ಒಂದು ನರಪಿಳ್ಳೆಯೂ ಕೇಳಲಿಲ್ಲ. ನನಗೆ ತಡೆಯಲಾಗಲಿಲ್ಲ. "ಸಾರ್, ನಿಮ್ಮ ತೋಟದಲ್ಲಿ ಕಾಫಿ ಕುಯ್ಯೋರು ಮುಕ್ಕಾಲು ಜನ ಹೆಂಗಸರೇ ಅಲ್ವಾ? ಹೆಂಗಸು ಹೇಳಿದ್ರೆ ಅವರಿಗೆ ಕಿವಿ ಕೇಳಿಸೋದಿಲ್ವಾ? ರೈಟರ್ ಯಾಕಾಗ್ಬೇಕು ಅಂತ ಇವ್ಳನ್ನೇ ಕೇಳಿ ಒಂದ್ಸಲ!" ಅಂದೆ. ಹೆಡ್‌ಮಾಸ್ಟರು ಕಣ್ಣಲ್ಲೇ ನನ್ನನ್ನು ಸುಟ್ಟರು. ಸುಡಲಿ ಅಂತ ನಿಂತೇ ಇದ್ದೆ.

"ಹೂಂ, ಹೇಳು. ರೈಟರಾಗಿ ಎಂಥ ಮಾಡ್ತೀಯ?" ಸಾಹುಕಾರರು ಇನ್ನೂ ನಗುತ್ತಲೇ ಕೇಳಿದರು.

ಹುಡುಗಿ ಜಗಲಿಯ ಕಡೆ ನೋಡಿ, ಮತ್ತೆ ಅವರ ಕಡೆ ತಿರುಗಿದಳು. "ಈಗಿನ ರೈಟರು ನಮ್ಮಮ್ಮನ್ನ 'ಏಯ್' ಅಂತಾನೇ ಕರಿಯೋದು ಸಾರ್. ಎಲ್ಲಾ ಹೆಂಗಸ್ರನ್ನೂ ಹಂಗೇ. ನಾನು ಹೆಸ್ರು ಹೇಳಿ ಕರೀತೀನಿ. ನಮ್ಮಮ್ಮಂಗೆ ಚಂದದ ಹೆಸ್ರುಂಟು."

ಮೆಟ್ಟಿಲ ಮೇಲೆ ಅವಳಮ್ಮ ತಲೆಯ ಬಟ್ಟೆ ಎಳೆದು ಬಾಯಿಗೆ ಅಡ್ಡ ಹಿಡಿದಳು.

ಸಾಹುಕಾರರು ನಾಚಿ ತಲೆ ತಗ್ಗಿಸಿದರು ಅಂದುಕೊಂಡಿರಾ? ಎಲ್ಲಿ ಬಂತು! "ಜೋರುಂಟು ಹುಡ್ಗಿ" ಎಂದು ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡರು. ಮೇಡಂ ಪೈಲಟನ ಚಾರ್ಟಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡು ಹೊರಟರು.

ಬೇಸಿಗೆ ರಜೆ ಕಳೆದು ಶಾಲೆ ತೆರೆದಾಗ ಆ ಅಮ್ಮ ಮಗಳನ್ನು ಕರೆದುಕೊಂಡು ಟಿ.ಸಿ. ಕೇಳಲು ಬಂದಳು. ರಿಜಿಸ್ಟರ್ ತೆಗೆದು ನಾನು ಯಾಕೆ ಅಂತ ಕೇಳುವ ಮೊದಲೇ ಅವಳೇ ಹೇಳಿದಳು:

"ಹೈಸ್ಕೂಲಿಗೆ ಸೇರಿಸ್ತೀನಿ ಟೀಚರ್. ಮೊನ್ನೆ ರೈಟರು 'ಏಯ್, ಏಯ್' ಅಂತ ಕೂಗ್ತಾನೇ ಇದ್ರು. ಮುಂಚೆ ಆಗಿದ್ರೆ ಓಡ್ತಿದ್ದೆ. ಈಗ ತಿರುಗಿ ನೋಡೋಕೇ ಆಗೋದಿಲ್ಲ. ಯಾರನ್ನೋ ಕರೀತಾರೆ ಅನ್ಸುತ್ತೆ."