ಖಾಲಿ ಸೀಟಿನ ಕಿಟಕಿ

ಗೆಳೆಯರೇ, ಇಂದು ಸೋಮವಾರ. ಮಾವನ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ನಡೆದುದನ್ನು, ಊರವರು ಬಣ್ಣ ಕಟ್ಟುವ ಮುನ್ನ ಇದ್ದಂತೆಯೇ ದಾಖಲಿಸುವುದು ಈ ಬರಹದ ಉದ್ದೇಶ.

ಆ ಕಾರಿನಲ್ಲಿ ಕಿಟಕಿಗೂ ಗುಂಡಿಯಿಲ್ಲ. ಎಲ್ಲವೂ ಪರದೆಯ ಮೇಲೆಯೇ. ಬೆಳಿಗ್ಗೆ ಪೂಜೆಯಲ್ಲಿ ಅತ್ತೆ ಆ ಪರದೆಗೇ ಹಸಿ ಕುಂಕುಮ ಹಚ್ಚಿದ್ದರು. ಭೈರವಾನಿತಿಪ್ಪ ಡ್ಯಾಮಿನ ಏರಿಯ ಮೇಲೆ ಹೋಗುತ್ತಿದ್ದಾಗ, ಹಿಂದೆ ಕೂತಿದ್ದ ನನ್ನ ಪಕ್ಕದ ಖಾಲಿ ಸೀಟಿನ ಕಿಟಕಿ ತಾನಾಗಿ ಇಳಿಯಿತು. ಮಾವ ಏರಿಸಿದರು; ಮತ್ತೆ ಇಳಿಯಿತು.

“ಹಸಿ ಕುಂಕುಮಾನ ಬೆರಳು ಅಂತ ಪರದಿ ತಿಳಕೊಂಡೈತ್ರಿ ಮಾವ,” ಎಂದು, ಕಾಲೇಜಿನ ತರಗತಿಗೇ ಮೊದಲಿಗಳಾದ ನಾನು ವಿವರಿಸಿ, ಮುಂದಕ್ಕೆ ಬಾಗಿ ಪರದೆಯನ್ನು ಒರೆಸಿ ಒಣಗಿಸಿದೆ.

ಕಿಟಕಿ ಮತ್ತೆ ಇಳಿಯಿತು.

ಮುಂದೆ ಕೂತಿದ್ದ ಅತ್ತೆ ಹಿಂತಿರುಗಿ ನೋಡಲಿಲ್ಲ. “ತೀರಿಹೋದ ನಿಮ್ಮವ್ವಗ ಮುಚ್ಚಿದ ಕಿಟಕಿ ಆಗ್ತಿರಲಿಲ್ಲ. ಗಾಳಿ ಬೇಕಾಗೇತಿ, ಬಿಡ್ರಿ,” ಎಂದರು.

“ನಾಳಿ ಕಾರ ಶೋರೂಮಿಗೆ ನೀನೊಬ್ಬಾಕೀನೇ ಒಯ್ಯವಾ, ನಿನಗ ಎಲ್ಲಾ ತಿಳೀತೈತಲ್ಲ,” ಎಂದು ಮಾವ ಈಗ ಹೇಳಿದ್ದಾರೆ.

ನಾನು ಒಯ್ಯುವುದಿಲ್ಲ.